ತಲೆ ಕೂತಿದೆಯಂತೆ

ನಮ್ಮ ದೊಡ್ಡಪ್ಪ ಕಾಲು ಮುಂದಾಗಿ ಹುಟ್ಟಿದವರು. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಅದೊಂದು ಪದವಿ ಇದ್ದಂತೆ. ತೆಂಗಿನಕಾಯಿ ಚೀಲ ಎತ್ತಲು ಹೋಗಿ ಯಾರದಾದರೂ ಸೊಂಟ ಹಿಡಿದುಕೊಂಡರೆ, ಬೆನ್ನು ಉಳುಕಿದರೆ, ಅವರು ಮೊದಲು ಬರುತ್ತಿದ್ದುದು ನಮ್ಮ ಜಗುಲಿಗೆ. ಬಂದವರು ಕಂಬ ಹಿಡಿದು ಬೆನ್ನು ಕೊಟ್ಟು ನಿಲ್ಲುವುದು, ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಬಲಗಾಲಿನಿಂದ ಮೂರು ಸಲ ನೋಯದ ಹಾಗೆ ಒದೆಯುವುದು, ಒದೆಸಿಕೊಂಡವರು ಹಿಂದಿರುಗಿ ನೋಡದೆ ಮನೆ ದಾರಿ ಹಿಡಿಯುವುದು. ದುಡ್ಡು ಮುಟ್ಟುವಂತಿರಲಿಲ್ಲ, ಎಲೆ ಅಡಿಕೆ ಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ. ನಾವು ಮಕ್ಕಳು ಜಗುಲಿಯ ತುದಿಯಲ್ಲಿ ಕೂತು ಒದೆ ಎಣಿಸುತ್ತಿದ್ದೆವು. ನಮ್ಮ ಸ್ಕೂಲಿನ ಮೇಷ್ಟ್ರು ಬಂದು ಒದೆಸಿಕೊಂಡ ದಿನ ನಮಗೆ ಹಬ್ಬ.

ಆ ಕಾಲಿನ ಮಹಿಮೆ ಅಷ್ಟು ನೋಡಿದ್ದರೂ, ಅದು ಮೊದಲು ಹೊರಗೆ ಬಂದ ರಾತ್ರಿ ಅಜ್ಜಿಯ ಗತಿ ಏನಾಗಿತ್ತು ಅಂತ ಒಂದು ದಿನವೂ ಕೇಳಿರಲಿಲ್ಲ. ಅದು ತಲೆಗೆ ಬಂದಿದ್ದು ಎಷ್ಟೋ ವರ್ಷದ ಮೇಲೆ, ನನ್ನದೇ 32ನೇ ವಾರದ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಬ್ರೀಚ್’ ಅನ್ನುವ ಪದ ನೋಡಿದಾಗ.

‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಅನ್ನುವ ಬೋರ್ಡಿನ ಕೆಳಗಿನ ಬೆಂಚಿನಲ್ಲಿ ಕೂತು ರಿಪೋರ್ಟ್ ಓದಿಕೊಂಡೆ. ತೂಕ, ನೀರು, ಎದೆಬಡಿತ ಎಲ್ಲ ಸರಿಯಿತ್ತು. ಆ ಒಂದು ಪದ ಮಾತ್ರ. ತಲೆ ನನ್ನ ಪಕ್ಕೆಲುಬಿನ ಕೆಳಗೆ, ಕುಂಡೆ ಕೆಳಗೆ. ಡಾಕ್ಟರು ಅದರ ಮೇಲೆ ಕಣ್ಣಾಡಿಸಿ, “ಇನ್ನೂ ಟೈಮ್ ಇದೆ, ತಿರುಗುತ್ತೆ” ಅಂದು ಮುಂದಿನವರ ಹೆಸರು ಕರೆದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. 28 ವಾರದ ಹೊತ್ತಿಗೆ ನಾಲ್ಕು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಹೀಗೆ ತಲೆ ಮೇಲೆ ಮಾಡಿಕೊಂಡೇ ಇರುತ್ತದೆ. ದಿನ ತುಂಬುವ ಹೊತ್ತಿಗೆ ಅದು ನೂರಕ್ಕೆ ಮೂರು ನಾಲ್ಕಕ್ಕೆ ಇಳಿದಿರುತ್ತದೆ. ಅಂದರೆ ಬಹುಪಾಲು ಮಕ್ಕಳು ಯಾರ ಅಪ್ಪಣೆಗೂ ಕಾಯದೆ ತಾವಾಗಿಯೇ ಮಗುಚಿಕೊಳ್ಳುತ್ತವೆ. ಈ ಲೆಕ್ಕವನ್ನು ಅವತ್ತು ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತೇನೋ.

ನಾನು ಮಾಡಿದ ತಪ್ಪು ಅಂದರೆ ಅಮ್ಮನಿಗೆ ಹೇಳಿದ್ದು. ಅಮ್ಮನಿಗೆ ಹೇಳಿದರೆ ದೊಡ್ಡಮ್ಮನಿಗೆ ಹೇಳಿದಂತೆ, ದೊಡ್ಡಮ್ಮನಿಗೆ ಹೇಳಿದರೆ ಊರಿಗೆ ಹೇಳಿದಂತೆ. ಮಾರನೇ ದಿನದಿಂದಲೇ ಫೋನು. ನೆಲ ಒರೆಸು, ಮಾಪ್ ಹಿಡಿಯಬೇಡ, ಕೂತು ಬಟ್ಟೆಯಲ್ಲಿ ಒರೆಸು. ಕುಕ್ಕರಗಾಲಲ್ಲಿ ಕೂತು ಸೊಪ್ಪು ಬಿಡಿಸು. ಕಾಲ ಮೇಲೆ ಕಾಲು ಹಾಕಬೇಡ. ಎಡ ಮಗ್ಗುಲಿಗೇ ಮಲಗು. ಮಗ್ಗುಲು ಬದಲಿಸುವುದಾದರೆ ಹಾಗೇ ಹೊರಳಬೇಡ, ಎದ್ದು ಕೂತು, ತಿರುಗಿ ಮಲಗು, ಇಲ್ಲದಿದ್ದರೆ ಮಗೀಗೆ ಕರುಳುಬಳ್ಳಿ ಸುತ್ತಿಕೊಳ್ಳುತ್ತೆ. ಈ ಕೊನೆಯದನ್ನು ನಾನು ಒಂದು ವಾರ ನಿಷ್ಠೆಯಿಂದ ಪಾಲಿಸಿದೆ. ರಾತ್ರಿ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಎದ್ದು ಕೂತು, ದಿಂಬು ಆ ಕಡೆಗೆ ಎಸೆದು, ಮತ್ತೆ ಮಲಗುವುದು. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡನನ್ನು ನೋಡಿ ಬಂದ ಸಿಟ್ಟಿಗೆ ಹೆಸರಿಲ್ಲ.

ಬಳ್ಳಿ ಸುತ್ತಿಕೊಳ್ಳುವುದಕ್ಕೂ ತಾಯಿ ಹೊರಳುವುದಕ್ಕೂ ಸಂಬಂಧವಿಲ್ಲ. ನೀರಿನಲ್ಲಿ ತೇಲುವ ಮಗು ತಾನೇ ಹೊರಳಾಡಿ ಸುತ್ತಿಕೊಳ್ಳುತ್ತದೆ, ಎಷ್ಟೋ ಸಲ ತಾನೇ ಬಿಡಿಸಿಕೊಳ್ಳುತ್ತದೆ. ಹುಟ್ಟುವಾಗ ಐದು ಮಕ್ಕಳಲ್ಲಿ ಒಂದಕ್ಕಾದರೂ ಕುತ್ತಿಗೆಗೆ ಬಳ್ಳಿಯ ಒಂದು ಸುತ್ತು ಇದ್ದೇ ಇರುತ್ತದೆ. ಹೆರಿಗೆ ಮಾಡಿಸುವವರು ಅದನ್ನು ಬೆರಳಲ್ಲಿ ಎತ್ತಿ ತಲೆ ದಾಟಿಸುತ್ತಾರೆ, ಬಹಳಷ್ಟು ಸಲ ಕಥೆ ಅಲ್ಲಿಗೆ ಮುಗಿಯಿತು. ತುಂಬು ಹೊಟ್ಟೆಯಲ್ಲಿ ಎದ್ದು ಕೂತು ಮಲಗುವುದು ಬೆನ್ನಿಗೆ ಹಿತವೇ ಇರಬಹುದು. ಆದರೆ ಅದನ್ನು ಹೆದರಿಸಿ ಹೇಳಬೇಕಾಗಿರಲಿಲ್ಲ. ಎಡ ಮಗ್ಗುಲ ಮಾತಿಗೆ ಮಾತ್ರ ಆಧಾರವಿದೆ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ, ಅದಕ್ಕೆ ಮಗ್ಗುಲಾಗಿ ಮಲಗಿ ಅನ್ನುವುದು. ಮಗು ತಿರುಗಲಿ ಅಂತಲ್ಲ.

ನೆಲ ಒರೆಸುವ ವಿಚಾರವೂ ಪರೀಕ್ಷೆಗೆ ಸಿಕ್ಕಿದೆ. ಆಸ್ಟ್ರೇಲಿಯಾದಲ್ಲಿ 2,500ಕ್ಕೂ ಹೆಚ್ಚು ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೊನೆಯ ವಾರಗಳಲ್ಲಿ ದಿನಾ ಎರಡು ಹೊತ್ತು ಅಂಗೈ ಮಂಡಿ ಊರಿ ಇರಲು ಹೇಳಿದ್ದರು. ಅವರು ನೋಡಿದ್ದು ತಲೆ ಕೆಳಗೇ ಇದ್ದು ಮುಖ ಮುಂದಕ್ಕೆ ಮಾಡಿಕೊಂಡಿರುವ ಮಕ್ಕಳು ತಿರುಗುತ್ತವೆಯೇ ಅಂತ. 2004ರಲ್ಲಿ ಫಲಿತಾಂಶ ಬಂತು: ಹುಟ್ಟುವಾಗಿನ ಭಂಗಿಯಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿಲ್ಲ. ನಾನು ಇದನ್ನು ಓದಿದ್ದು ಮನೆಯ ನೆಲವೆಲ್ಲ ಫಳಫಳ ಹೊಳೆಯತೊಡಗಿದ ಮೇಲೆ.

ಹಾಗಾದರೆ ಮಗು ತಿರುಗುವುದು ಯಾಕೆ? ತಲೆ ಭಾರ, ಅದಕ್ಕೇ ಕೆಳಗೆ ಬರುತ್ತದೆ ಅನ್ನುವುದು ಎಲ್ಲರಿಗೂ ತಟ್ಟನೆ ಹೊಳೆಯುವ ಉತ್ತರ. ಅದಕ್ಕಿಂತ ನನಗೆ ಒಪ್ಪಿಗೆಯಾಗಿದ್ದು ಜಾಗದ ಲೆಕ್ಕ. ತೊಟ್ಟು ಕೆಳಗೆ ಮಾಡಿ ಹಿಡಿದ ಸೋರೆಕಾಯಿಯನ್ನು ನೆನಸಿಕೊಳ್ಳಿ: ಮೇಲೆ ಅಗಲ, ಕೆಳಗೆ ಕಿರಿದು. ಗರ್ಭಕೋಶ ಹೆಚ್ಚುಕಡಿಮೆ ಆ ಆಕಾರ. ಏಳನೇ ತಿಂಗಳವರೆಗೂ ಮಗು ಚಿಕ್ಕದು, ನೀರು ಧಾರಾಳ, ಹೇಗೆ ಬೇಕಾದರೂ ಪಲ್ಟಿ ಹೊಡೆಯಬಹುದು. ಆಮೇಲೆ ಮಗು ಬೆಳೆಯುವ ವೇಗಕ್ಕೆ ನೀರು ಹೆಚ್ಚುವುದಿಲ್ಲ. 34–36 ವಾರದ ಸುಮಾರಿಗೆ ಅದು ಹೆಚ್ಚೆಂದರೆ ಒಂದು ಲೀಟರಿನಷ್ಟಾಗಿ, ಅಲ್ಲಿಂದ ಇಳಿಮುಖ. ಆಗ ಯಾವುದು ಎಲ್ಲಿ ಹಿಡಿಸುತ್ತದೆ ಅನ್ನುವ ಪ್ರಶ್ನೆ ಬರುತ್ತದೆ. ಬರೀ ತಲೆ ನೋಡಿದರೆ ದೊಡ್ಡದು, ನಿಜ. ಆದರೆ ಕುಂಡೆ, ಮಡಚಿದ ತೊಡೆ, ಕಾಲು ಎಲ್ಲ ಸೇರಿದ ಗಂಟು ಅದಕ್ಕಿಂತ ದೊಡ್ಡದು. ಆ ಗಂಟಿಗೆ ಕಾಲು ಚಾಚಿ ಒದೆಯಲು ಅಗಲದ ಕಡೆಯೇ ಬೇಕು. ಒದ್ದು ಒದ್ದು, ಗೋಡೆ ತಳ್ಳಿ ತಳ್ಳಿ, ಹಿತವಾದ ಮೂಲೆ ಸಿಗುವವರೆಗೂ ಅದು ಬಿಡುವುದಿಲ್ಲ. ಬೆಕ್ಕು ಮಲಗುವ ಮುಂಚೆ ಗೋಣಿಚೀಲದ ಮೇಲೆ ನಾಲ್ಕು ಸುತ್ತು ಹಾಕುತ್ತದಲ್ಲ, ಹಾಗೆ.

ಜಾಗದ ಲೆಕ್ಕ ಒಪ್ಪಿಕೊಂಡರೆ, ತಿರುಗದ ಮಕ್ಕಳ ಲೆಕ್ಕವೂ ಅರ್ಧ ಅರ್ಥವಾಗುತ್ತದೆ. ಮಾಸು ಕೆಳಗೆ ಕೂತು ಬಾಗಿಲು ಮುಚ್ಚಿದ್ದರೆ, ಗರ್ಭಕೋಶದ ಒಳಗೆ ಹುಟ್ಟಿನಿಂದ ಬಂದ ಒಂದು ಅಡ್ಡಗೋಡೆ ಇದ್ದರೆ, ಗಡ್ಡೆ ಇದ್ದರೆ, ಅವಳಿಯಿದ್ದರೆ, ನೀರು ತೀರಾ ಕಡಿಮೆಯಾದರೆ ಅಥವಾ ವಿಪರೀತ ಹೆಚ್ಚಿದರೆ, ಲೆಕ್ಕ ತಪ್ಪುತ್ತದೆ. ಕೆಲವು ಮಕ್ಕಳು ಕಾಲನ್ನು ನೆಟ್ಟಗೆ ಮೇಲೆ ಚಾಚಿ ಪಾದ ಕಿವಿಯ ಹತ್ತಿರ ಇಟ್ಟುಕೊಂಡಿರುತ್ತವೆ. ಮುರಿದ ಕೈಗೆ ಕಟ್ಟುವ ದಬ್ಬೆಯ ಹಾಗೆ ಆ ಕಾಲುಗಳೇ ಮೈಯನ್ನು ಬಾಗದಂತೆ ಹಿಡಿದುಬಿಡುತ್ತವೆ, ಒದ್ದು ತಿರುಗಲು ಆಗುವುದಿಲ್ಲ. ಬಹಳ ಸಲ ಕಾರಣವೇ ಸಿಗುವುದಿಲ್ಲ. ಈ ಪಟ್ಟಿಯಲ್ಲಿ ತಾಯಿ ಸೋಫಾ ಮೇಲೆ ಕೂತಿದ್ದಳು ಅನ್ನುವುದು ಎಲ್ಲೂ ಬರುವುದಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ಆಮೇಲೆ ಬರೆಯುತ್ತೇನೆ.

ನನ್ನ ಮಗ ತಿರುಗಿದ್ದು 34ನೇ ವಾರದ ಕೊನೆಗೆ, ತವರಿಗೆ ಬಂದ ಮೂರನೇ ರಾತ್ರಿ. ಅಲ್ಲಿಯವರೆಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಒಂದು ಗುಂಡು ಸದಾ ಇರುತ್ತಿತ್ತು. ಗಟ್ಟಿ, ಸುಲಿದ ತೆಂಗಿನಕಾಯಿಯಂತೆ. ಬಗ್ಗಿದರೆ ಉಸಿರಿಗೆ ಅಡ್ಡ ಬರುತ್ತಿತ್ತು, ಬೆರಳಲ್ಲಿ ತಟ್ಟಿದರೆ ಆ ಕಡೆ ಹೋಗಿ ಮತ್ತೆ ಬಂದು ಬೆರಳಿಗೆ ತಾಗುತ್ತಿತ್ತು. ಅವತ್ತು ಊಟ ಆಗಿ ನಡುಮನೆಯಲ್ಲಿ ಮಲಗಿದ್ದೆ. ಹೊಟ್ಟೆಯ ಎಡಗಡೆಯಿಂದ ಏನೋ ಎದ್ದಂತಾಯಿತು. ಒದೆತ ಅಲ್ಲ, ಒದೆತ ನನಗೆ ಗೊತ್ತು. ಇದು ಇಡೀ ಮೈಯೇ ಸರಿದಂತೆ, ತುಂಬಿದ ಕೊಡದಲ್ಲಿ ದೊಡ್ಡ ಮೀನೊಂದು ಮಗ್ಗುಲಾದಂತೆ. ಸೀರೆಯ ಮೇಲಿಂದಲೇ ಕಾಣುತ್ತಿತ್ತು, ಒಂದು ದಿಬ್ಬ ಈ ಕಡೆಯಿಂದ ಆ ಕಡೆಗೆ ನಿಧಾನ ಹೋಯಿತು, ಒಂದು ಕ್ಷಣ ಹೊಟ್ಟೆ ಪೂರಾ ಅಡ್ಡಡ್ಡ, ಚೌಕವಾಗಿ ಕಂಡಿತು. ಹೊಟ್ಟೆ ತೊಳೆಸಿದಂತಾಗಿ ಎದ್ದು ಕೂತೆ. ಅಮ್ಮ ನೀರು ತಂದುಕೊಟ್ಟಳು. ಅಷ್ಟೇ. ಬೆಳಗ್ಗೆ ಹಲ್ಲುಜ್ಜಲು ಬಗ್ಗಿದಾಗ ಪಕ್ಕೆಲುಬಿನ ಕೆಳಗಿನ ತೆಂಗಿನಕಾಯಿ ಇರಲಿಲ್ಲ.

ಖಾತ್ರಿ ಮಾಡಿಕೊಟ್ಟಿದ್ದು ಬಿಕ್ಕಳಿಕೆ. ಹೊಟ್ಟೆಯೊಳಗಿನ ಮಗುವಿಗೆ ಬಿಕ್ಕಳಿಕೆ ಬಂದರೆ ತಾಳ ಹಾಕಿದಂತೆ ಒಂದೇ ಸಮ ಟುಕ್ ಟುಕ್ ಅನ್ನುತ್ತದೆ. ಅದುವರೆಗೂ ಅದು ಹೊಕ್ಕಳ ಮೇಲೆ ಕೇಳಿಸುತ್ತಿತ್ತು (ಕೇಳಿಸುವುದು ಅಂದರೆ ಕೈಗೆ ತಿಳಿಯುವುದು). ಅವತ್ತು ಮಧ್ಯಾಹ್ನ ಅದು ಸೀರೆ ನೆರಿಗೆ ಸಿಕ್ಕಿಸುವ ಜಾಗಕ್ಕಿಂತ ಕೆಳಗೆ ಬಂತು.

ಆದರೂ ಯಾರಾದರೂ ಗೊತ್ತಿದ್ದವರು ಹೇಳಬೇಕಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ, 2016ರಿಂದ ನಡೆದು ಬಂದಿರುವ ಕಾರ್ಯಕ್ರಮ. ತಾಯಿ ಕಾರ್ಡ್ ಹಿಡಿದು ಅಮ್ಮನ ಜೊತೆ ಹೋದೆ. ಅಲ್ಲಿದ್ದ ನರ್ಸಮ್ಮ ನಿವೃತ್ತಿ ಹತ್ತಿರ ಬಂದವರು, ಕೈಗೆ ಗಾಜಿನ ಬಳೆ, ಹಣೆಗೆ ದೊಡ್ಡ ಕುಂಕುಮ. “ಮೊದ್ಲು ಹೋಗಿ ಒಂದಕ್ಕೆ ಮಾಡ್ಕಂಡು ಬಾ ತಾಯಿ” ಅಂದರು. ಬಂದ ಮೇಲೆ ಮಂಡಿ ಮಡಚಿ ಮಲಗಿಸಿ, ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡರು. ಬೆಂಗಳೂರಿನ ಎಂಟು ತಿಂಗಳಲ್ಲಿ ಜೆಲ್ ಹಚ್ಚಿದ ತಣ್ಣನೆಯ ಪ್ರೋಬ್ ಎಷ್ಟೋ ಸಲ ನನ್ನ ಹೊಟ್ಟೆ ಮುಟ್ಟಿತ್ತು. ಬಿಸಿ ಮಾಡಿಕೊಂಡ ಕೈ ಮುಟ್ಟಿದ್ದು ಅದೇ ಮೊದಲು.

ಅವರು ಮೊದಲು ಎರಡೂ ಕೈಯಲ್ಲಿ ಹೊಟ್ಟೆಯ ಮೇಲ್ತುದಿ ಹಿಡಿದರು. “ಇಲ್ಲಿ ಮೆತ್ತಗೈತೆ, ಅಗಲ ಐತೆ. ತಲೆ ಅಲ್ಲ ಇದು.” ಆಮೇಲೆ ಎರಡು ಪಕ್ಕ. ಒಂದು ಕೈ ತಡೆದು ನಿಂತಿತು, ಇನ್ನೊಂದು ಹುಡುಕಿತು. “ಬೆನ್ನು ಎಡಗಡೆಗೆ, ಹಲಗೆ ಥರ ನುಣ್ಣಗೆ ಸಿಕ್ತದೆ ನೋಡು. ಬಲಗಡೆ ಎಲ್ಲ ಗಂಟು ಗಂಟು, ಕೈಕಾಲು.” ನನ್ನ ಕೈ ಹಿಡಿದು ತೋರಿಸಿದರು, ನನ್ನ ಮಗನ ಬೆನ್ನಿನ ಮೇಲೆ ಮೊದಲ ಸಲ ಕೈಯಾಡಿಸಿದ್ದು ಹಾಗೆ. ಮೂರನೆಯದಕ್ಕೆ ಹೆಬ್ಬೆರಳು ಮತ್ತು ಉಳಿದ ಬೆರಳ ನಡುವೆ ಕೆಳಹೊಟ್ಟೆಯನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. “ತಲೆ. ಇನ್ನೂ ಆಡ್ತೈತೆ.” ನಾಲ್ಕನೆಯದಕ್ಕೆ ನನ್ನ ಕಾಲ ಕಡೆಗೆ ಮುಖ ಮಾಡಿ ನಿಂತು ಎರಡೂ ಕೈಯ ಬೆರಳನ್ನು ಕೆಳಮುಖವಾಗಿ ಒತ್ತಿದರು. ಡಾಪ್ಲರ್ ಕೈಗೆತ್ತಿಕೊಳ್ಳುವ ಮುಂಚೆಯೇ ಹೊಕ್ಕಳ ಕೆಳಗೆ ಎಡಕ್ಕೆ ಬೆರಳಿಟ್ಟು, “ಎದೆಬಡಿತ ಇಲ್ಲಿ ಸಿಗ್ತದೆ” ಅಂದರು. ಸಿಕ್ಕಿತು. ಬೆನ್ನು ಯಾವ ಕಡೆಗಿದೆಯೋ ಆ ಕಡೆಯಿಂದಲೇ ಸದ್ದು ಚೆನ್ನಾಗಿ ಕೇಳುವುದು. ಮಗು ತಲೆ ಮೇಲಾಗಿದ್ದರೆ ಹೊಕ್ಕಳ ಮೇಲೆ ಹುಡುಕಬೇಕು.

ಈ ನಾಲ್ಕು ಹಿಡಿತಗಳಿಗೆ ಪುಸ್ತಕದಲ್ಲಿ ಒಬ್ಬ ಜರ್ಮನ್ ವೈದ್ಯನ ಹೆಸರಿದೆ, ಕ್ರಿಶ್ಚಿಯನ್ ಗೆರ್ಹಾರ್ಡ್ ಲಿಯೋಪೋಲ್ಡ್, 19ನೇ ಶತಮಾನದವನು. ಅವನು ಅದನ್ನು ನಾಲ್ಕು ಹೆಜ್ಜೆಯಾಗಿ ಕಲಿಸಲು ಬರುವಂತೆ ಜೋಡಿಸಿದ, ಅದಕ್ಕೆ ಹೆಸರು ಬಂತು. ಕೈಗಳು ಅದಕ್ಕೂ ಹಿಂದಿನವು. ನಮ್ಮ ಜಿಲ್ಲೆಯವರೇ ಆದ, ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಪೈಸೆ ಮುಟ್ಟದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ 98ನೇ ವಯಸ್ಸಿಗೆ ತೀರಿಕೊಂಡರು. ಮನೆ ಹೆರಿಗೆಯ ಕಾಲ ವಾಪಸ್ ಬರಲಿ ಅಂತ ಖಂಡಿತ ಹೇಳುತ್ತಿಲ್ಲ. ಆ ಕಾಲದಲ್ಲಿ ಸತ್ತವರ ಲೆಕ್ಕ ಇಟ್ಟವರು ಯಾರೂ ಇಲ್ಲ. ಸ್ಕ್ಯಾನಿಂಗ್ ಬೇಕೇ ಬೇಕು. ಆದರೆ ಹೊಟ್ಟೆ ಮುಟ್ಟಿ ಒಳಗೇನಿದೆ ಅಂತ ತಾಯಿಗೇ ತೋರಿಸಿಕೊಡುವ ಕೈಯನ್ನು ನಾವು ಯಾಕೆ ಬಿಟ್ಟುಕೊಟ್ಟೆವು ಅನ್ನುವುದು ನನಗೆ ಅರ್ಥವಾಗಿಲ್ಲ.

“ತಲೆ ಕೂತಿಲ್ಲ ಇನ್ನೂ, ಕೂತ್ಕಂತದೆ ಬಿಡು” ಅಂದರು ನರ್ಸಮ್ಮ ಹೊರಡುವಾಗ.

ಈ ‘ಕೂರುವುದು’ ಅನ್ನುವ ಮಾತು ನನಗೆ ಬಹಳ ಇಷ್ಟವಾಯಿತು. ತಲೆಕೆಳಗಾಗಿ ನೇತಾಡುವುದಕ್ಕೂ ಕನ್ನಡದಲ್ಲಿ ಕೂರುವುದು ಅಂತಲೇ. ಆದರೆ ಅದು ಸರಿಯಾದ ಮಾತೇ. ಬರೀ ತಿರುಗಿದರೆ ಸಾಲದು, ತಲೆಯ ಅತಿ ಅಗಲದ ಭಾಗ ಕಟಿಯ ಎಲುಬಿನ ಅಂಚು ದಾಟಿ ಒಳಗಿಳಿಯಬೇಕು, ಆಗ ಕೂತಂತೆ. ನರ್ಸಮ್ಮ ಅದನ್ನು ಬೆರಳಲ್ಲಿ ಅಳೆಯುತ್ತಾರೆ. ಎಲುಬಿನ ಮೇಲೆ ಐದು ಬೆರಳಷ್ಟು ತಲೆ ಕೈಗೆ ಸಿಕ್ಕಿದರೆ ಪೂರ್ತಿ ಮೇಲಿದೆ. ಎರಡು ಬೆರಳು ಅಥವಾ ಅದಕ್ಕಿಂತ ಕಡಿಮೆ ಸಿಕ್ಕಿದರೆ ಕೂತಿದೆ. ಚೊಚ್ಚಲಲ್ಲಿ ಇದು ಸಾಮಾನ್ಯವಾಗಿ ಕೊನೆಯ ಮೂರು ನಾಲ್ಕು ವಾರದಲ್ಲಿ ಆಗುತ್ತದೆ, ಎರಡನೆಯದರಿಂದ ಮುಂದೆ ಎಷ್ಟೋ ಸಲ ನೋವು ಶುರುವಾದ ಮೇಲೆಯೇ.

ನನಗೆ 38ನೇ ವಾರ. ಒಂದು ಬೆಳಗ್ಗೆ ದೊಡ್ಡಮ್ಮ ಅಂಗಳದಿಂದಲೇ ನೋಡಿ, “ಹೊಟ್ಟೆ ಇಳದೈತೆ ಕಣೇ” ಅಂತ ಅಮ್ಮನಿಗೆ ಕೂಗಿ ಹೇಳಿದರು. ನನಗೆ ಗೊತ್ತಾಗಿದ್ದು ಮಧ್ಯಾಹ್ನದ ಊಟಕ್ಕೆ. ಎರಡು ತಿಂಗಳಿಂದ ನಾಲ್ಕು ತುತ್ತಿಗೆ ಎದೆಯವರೆಗೂ ಬರುತ್ತಿದ್ದದ್ದು, ಅವತ್ತು ಇಡೀ ಮುದ್ದೆ ಒಳಗೆ ಹೋಯಿತು, ಬಸ್ಸಾರು ಎರಡನೇ ಸಲ ಹಾಕಿಸಿಕೊಂಡೆ. ಉಸಿರು ಸಲೀಸು. ಆದರೆ ಮೇಲಿನ ಮನೆ ಖಾಲಿಯಾದರೆ ಕೆಳಗಿನ ಮನೆಗೆ ಇಕ್ಕಟ್ಟು: ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಓಡುವುದು, ನಡೆದರೆ ಬಾತುಕೋಳಿ, ತೊಡೆಯ ಸಂದಿಯಲ್ಲಿ ಯಾರೋ ಸೂಜಿ ಚುಚ್ಚಿದಂತೆ ಚುಳುಕು.

ನಮ್ಮ ಹಳೇ ಮನೆಯ ತಲೆಬಾಗಿಲು ಹೆಸರಿಗೆ ತಕ್ಕಂತೆ ಕುಳ್ಳು. ಬಾಗದೆ ಬಂದವರಿಗೆ ಹಣೆಗೆ ಏಟು ಗ್ಯಾರಂಟಿ. ಅದೇ ವಾರ ಅದರ ಹೊಸಿಲ ಹತ್ತಿರ ಕೂತಿದ್ದಾಗ ನನಗೆ ಅನ್ನಿಸಿದ್ದು, ಒಳಗಿರುವವನೂ ಕಲಿಯಬೇಕಾಗಿರುವುದು ಇದನ್ನೇ. ಗದ್ದವನ್ನು ಎದೆಗೆ ಒತ್ತಿಕೊಂಡು ನೆತ್ತಿಯ ಹಿಂಭಾಗ ಮುಂದೆ ಮಾಡಿ ಬಂದರೆ ದಾರಿಗೆ ಅಡ್ಡ ಬರುವ ತಲೆಯ ಅಳತೆ ಸುಮಾರು 9.5 ಸೆಂಟಿಮೀಟರ್. ತಲೆ ನೆಟ್ಟಗಿಟ್ಟರೆ ಅದು 11.5. ಹಣೆ ಮುಂದಾದರೆ 13.5ರ ಹತ್ತಿರ, ತುಂಬು ಗಾತ್ರದ ಮಗು ಹಾಗೆ ಹೊರಬರುವುದು ಆಗದ ಮಾತು. ಅದೇ ತಲೆ, ಅದೇ ಬಾಗಿಲು, ಬಾಗಿದ್ದಕ್ಕೂ ಬಾಗದ್ದಕ್ಕೂ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ.

ಬಾಗಿಲಿಗೂ ಒಂದು ವಕ್ರತೆ ಇದೆ. ಕಟಿಯ ಮೇಲಿನ ಬಾಯಿ ಎಡದಿಂದ ಬಲಕ್ಕೆ ಅಗಲ, ಸುಮಾರು 13 ಸೆಂಟಿಮೀಟರ್; ಹಿಂದಿನಿಂದ ಮುಂದಕ್ಕೆ 11. ಕೆಳಗಿನ ಬಾಯಿ ತದ್ವಿರುದ್ಧ, ಅಲ್ಲಿ ಹಿಂದೆ-ಮುಂದೆಯೇ ಹೆಚ್ಚು ಜಾಗ. ತಲೆಯೋ, ಹಣೆಯಿಂದ ಹಿಂಭಾಗದವರೆಗೆ ಉದ್ದ. ಹಾಗಾಗಿ ಮಗು ತಾಯಿಯ ಒಂದು ಪಕ್ಕಕ್ಕೆ ಮುಖ ಮಾಡಿ ಒಳಗಿಳಿದು, ದಾರಿಯ ಮಧ್ಯೆ ಕಾಲು ಸುತ್ತು ತಿರುಗಿ, ತಾಯಿಯ ಬೆನ್ನಿನ ಕಡೆ ಮುಖ ಮಾಡಿ ಹೊರಬರಬೇಕು. ತಲೆ ಬಂದ ಮೇಲೆ ಮತ್ತೆ ಪಕ್ಕಕ್ಕೆ ತಿರುಗುತ್ತದೆ, ಯಾಕೆಂದರೆ ಈಗ ಭುಜಗಳ ಸರದಿ. ದೊಡ್ಡಪ್ಪನ ಮದುವೆಯ ತೇಗದ ಮಂಚವನ್ನು ಆ ಬಾಗಿಲಲ್ಲಿ ಹೊರಗೆ ತೆಗೆದವರಿಗೆ ಇದು ಅರ್ಥವಾಗುತ್ತದೆ: “ಓರೆ ಮಾಡ್ರೋ, ಈಗ ತಿರುಗ್ಸಿ, ತಿರುಗ್ಸಿ, ಕಾಲು ಮೊದ್ಲು, ಹಾ.” ಅವರು ನಾಲ್ಕು ಜನ ಇದ್ದರು, ಆದರೂ ಬಾಗಿಲುವಾಡದ ಬಣ್ಣ ಕಿತ್ತುಬಂತು.

ಹೆರಿಗೆಯ ಕಥೆ ಇಲ್ಲಿ ಬೇಡ. ಹದಿನಾರು ಗಂಟೆ ಹಿಡಿಯಿತು, ಇಬ್ಬರೂ ಬದುಕಿದ್ದೇವೆ. ಮಗ ಹೊರಬಂದಾಗ ತಲೆ ಮಲ್ಗೋವಾ ಮಾವಿನಕಾಯಿ ಹಾಗಿರುತ್ತೆ ಅಂದುಕೊಂಡಿದ್ದೆ, ತೋತಾಪುರಿ ಹಾಗಿತ್ತು. ತಲೆಬುರುಡೆಯ ಎಲುಬುಗಳು ಇನ್ನೂ ಬೆಸೆದಿರುವುದಿಲ್ಲ, ದಾರಿಯಲ್ಲಿ ಒಂದರ ಮೇಲೊಂದು ಸರಿದುಕೊಳ್ಳುತ್ತವೆ. ದೊಡ್ಡಮ್ಮ ಎಣ್ಣೆ ಹಿಡಿದು ತಲೆ ಒತ್ತಿ ಗುಂಡಗೆ ಮಾಡಲು ಸಜ್ಜಾಗಿದ್ದರು. ಅವರ ಸರದಿ ಬರುವ ಮುಂಚೆಯೇ, ಮೂರನೇ ದಿನಕ್ಕೆ, ಅದು ತಾನೇ ಗುಂಡಗಾಯಿತು.

ಇನ್ನು ಆಮೇಲೆ ಬರೆಯುತ್ತೇನೆ ಅಂದಿದ್ದು. ನನಗಿಂತ ಎರಡು ವರ್ಷದ ನಂತರ ಚಿಕ್ಕಪ್ಪನ ಮಗಳು, ನನ್ನ ತಂಗಿ, ಬಸುರಿಯಾದಳು. ಅವಳ ಮಗುವೂ 32ಕ್ಕೆ ಬ್ರೀಚ್. 34ಕ್ಕೂ. 36ಕ್ಕೂ. ನನ್ನ ಅನುಭವ ನೆಚ್ಚಿಕೊಂಡು, ತಿರುಗುತ್ತೆ ಬಿಡು ಅಂತ ಪ್ರತಿ ವಾರ ಹೇಳಿದವಳು ನಾನೇ. ಹೊರಗಿನಿಂದ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸುವ ವಿಧಾನವೊಂದಿದೆ. ಗರ್ಭಕೋಶ ಸಡಿಲವಾಗಲು ಇಂಜೆಕ್ಷನ್ ಕೊಟ್ಟು, ಎದೆಬಡಿತ ನೋಡುತ್ತಾ, ಆಪರೇಷನ್ ಥಿಯೇಟರ್ ಪಕ್ಕದಲ್ಲಿಟ್ಟುಕೊಂಡು ಮಾಡುವಂಥದ್ದು; ಸುಮಾರು ಅರ್ಧದಷ್ಟು ಸಲ ಫಲಿಸುತ್ತದೆ. ನಮ್ಮಲ್ಲಿ ಎಲ್ಲ ಕಡೆಯೂ ಮಾಡುವುದಿಲ್ಲ. ಅವಳ ಡಾಕ್ಟರು ನೀರು ಕಡಿಮೆ ಇದೆ, ಪ್ರಯತ್ನ ಬೇಡ ಅಂದರು. 39ನೇ ವಾರದಲ್ಲಿ ಸಿಸೇರಿಯನ್ ಆಯಿತು. ಮಗಳು ಹುಟ್ಟಿದಳು, ಕಾಲು ಎರಡೂ ಕಿವಿಯ ಹತ್ತಿರ ಚಾಚಿಕೊಂಡು, ಪುಟ್ಟ ಕತ್ತರಿಯ ಹಾಗೆ. ಆಮೇಲೂ ಎಷ್ಟೋ ದಿನ ತೊಟ್ಟಿಲಲ್ಲಿ ಹಾಗೇ ಮಲಗುತ್ತಿದ್ದಳು, ಬಟ್ಟೆ ಸುತ್ತಿದರೂ ಕಾಲು ಮೇಲಕ್ಕೇ. ಕುಂಡೆ ಮುಂದಾಗಿದ್ದ ಮಕ್ಕಳಿಗೆ ಸೊಂಟದ ಕೀಲು ಸರಿಯಾಗಿ ಕೂರದಿರುವ ಸಾಧ್ಯತೆ ಹೆಚ್ಚು, ಅದಕ್ಕೆ ಒಂದೂವರೆ ತಿಂಗಳಿಗೆ ಸೊಂಟದ ಸ್ಕ್ಯಾನ್ ಮಾಡಿಸಿದರು. ಸರಿಯಿತ್ತು.

ಸರಿಯಿರದೇ ಹೋದದ್ದು ನೆಂಟರ ಮಾತು. ಮಗು ನೋಡಲು ಬಂದ ಹೆಂಗಸೊಬ್ಬರು, ಹಾರ್ಲಿಕ್ಸ್ ಡಬ್ಬಿ ಕೈಗಿಡುತ್ತಲೇ, “ಮೊಬೈಲ್ ಹಿಡ್ಕಂಡು ಒಂದೇ ಮಗ್ಗುಲಿಗೆ ಬಿದ್ಕಂಡಿದ್ರೆ ಮಗ ಎಲ್ ತಿರುಗ್ತದೆ” ಅಂದರು. ಹೊಲಿಗೆ ಇನ್ನೂ ಹಸಿಯಿತ್ತು. ತಂಗಿ ನಗುವವಳಂತೆ ತುಟಿ ಎಳೆದಳು, ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ನಾನು ಏನೂ ಅನ್ನಲಿಲ್ಲ. ಅನ್ನಬೇಕಿತ್ತು. ನೆಲ ಒರೆಸಿದ ನನ್ನದು ತಿರುಗಿತು, ನೆಲ ಒರೆಸಿದರೂ ಅವಳದು ತಿರುಗಲಿಲ್ಲ. ಒರೆಸಿದ್ದರಿಂದ ತಿರುಗಿತು ಅಂತ ನನ್ನ ಬೆನ್ನು ತಟ್ಟಿದ್ದವರು, ಒರೆಸಿದರೂ ತಿರುಗದ್ದಕ್ಕೆ ಅವಳನ್ನೇ ಹಿಡಿದರು.

ಇಷ್ಟಕ್ಕೂ ಬ್ರೀಚ್ ಅಂದರೆ ಸಿಸೇರಿಯನ್ ಅಂತ ಆಗಿದ್ದು ತೀರಾ ಹಳೆಯ ಕಥೆಯಲ್ಲ. ಕೆನಡಾದ ತಂಡವೊಂದು 26 ದೇಶಗಳ 2,088 ಬಸುರಿಯರನ್ನು ಸೇರಿಸಿ ಮಾಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಯೋಜಿತ ಸಿಸೇರಿಯನ್ ಮಗುವಿಗೆ ಹೆಚ್ಚು ಸುರಕ್ಷಿತ ಅಂತ ಅದು ಹೇಳಿದ್ದೇ, ಜಗತ್ತಿನ ಬಹಳ ಆಸ್ಪತ್ರೆಗಳು ರೂಢಿ ಬದಲಿಸಿದವು. ನಾಲ್ಕು ವರ್ಷದ ಮೇಲೆ ಅದೇ ಮಕ್ಕಳಲ್ಲಿ ಕೆಲವರನ್ನು ಎರಡು ವರ್ಷ ತುಂಬಿದಾಗ ನೋಡಿದ ವರದಿ ಬಂದು, ಎರಡು ಗುಂಪಿಗೂ ಅಂಥ ವ್ಯತ್ಯಾಸ ಉಳಿದಿಲ್ಲ ಅಂದಿತು. ಅಷ್ಟರಲ್ಲಿ ಕುಂಡೆ ಮುಂದಾದ ಮಗುವನ್ನು ಹೊರತರುವ ಕೈಚಳಕ ಹೊಸ ಡಾಕ್ಟರುಗಳಿಗೆ ಕಲಿಯಲು ಸಿಗುವುದೇ ಅಪರೂಪವಾಗಿತ್ತು. ತಂಗಿಗೆ ಸಿಸೇರಿಯನ್ ಆಗಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಅಭ್ಯಾಸವಿಲ್ಲದ ಕೈಗಿಂತ ಅಭ್ಯಾಸವಿರುವ ಚಾಕು ಮೇಲು.

ಸುಶ್ರುತ ಸಂಹಿತೆಯ ನಿದಾನಸ್ಥಾನದ 8ನೇ ಅಧ್ಯಾಯ ಪೂರಾ ಇದರದೇ ವಿಚಾರ, ಮೂಢಗರ್ಭ. ದಾರಿ ತಪ್ಪಿ ಸಿಕ್ಕಿಕೊಂಡ ಗರ್ಭಕ್ಕೆ ಅಲ್ಲಿ ನಾಲ್ಕು ಹೆಸರಿವೆ. ಕೈ, ತಲೆ, ಕಾಲು ಎಲ್ಲ ಮೇಲೆ ಮಾಡಿ ಗೂಟದಂತೆ ಬಾಯಿಗೆ ಸಿಕ್ಕಿಕೊಂಡದ್ದು ಕೀಲ. ಕೈ, ಕಾಲು, ತಲೆ ಹೊರಬಂದು ಮೈ ಸಿಕ್ಕಿಕೊಂಡದ್ದು ಪ್ರತಿಖುರ. ತಲೆಯ ಜೊತೆ ಒಂದು ಕೈ ಬಂದದ್ದು ಬೀಜಕ. ಬಾಗಿಲಿಗೆ ಹಾಕಿದ ಅಗುಳಿಯಂತೆ ಅಡ್ಡಡ್ಡ ನಿಂತದ್ದು ಪರಿಘ. ಖುರ ಅಂದರೆ ಗೊರಸು. ದನದ ಕೊಟ್ಟಿಗೆ ನೋಡಿದವರ ಬಾಯಲ್ಲೇ ಹುಟ್ಟಬಹುದಾದ ಹೆಸರು ಅದು. ಕರುವಿಗೆ ಕಾಲು ಮುಂದಾಗುವುದೇ ಸರಿ: ಮುಂಗಾಲಿನ ಎರಡು ಗೊರಸು, ಅದರ ಮೇಲೆ ಮೂತಿ ಇಟ್ಟುಕೊಂಡು, ಬಾವಿಗೆ ಧುಮುಕುವ ಹುಡುಗನಂತೆ ಬರುತ್ತದೆ. ಆ ನಾಲ್ಕು ಹೆಸರು ಹೇಳಿ ಮುಗಿಸಿದ ಕೂಡಲೇ ಗ್ರಂಥ ಅನ್ನುವುದೇನೆಂದರೆ, ಕೆಲವರು ಹೀಗೆ ನಾಲ್ಕೇ ಬಗೆ ಅನ್ನುತ್ತಾರೆ, ಅದು ಸರಿಯಲ್ಲ. ನೋಡಿ ನೋಡಿ ಸೋತವರ ಮಾತು ಅದು, ನನಗೆ ನಂಬಿಕೆ ಬರುತ್ತದೆ.

ಅಜ್ಜಿಯನ್ನು ಒಮ್ಮೆ ಕೇಳಿದ್ದೆ, ತೀರಿಕೊಳ್ಳುವ ಮುಂಚಿನ ವರ್ಷ. ದೊಡ್ಡಪ್ಪ ಹುಟ್ಟಿದ್ದು ಹೇಗಾಯಿತು ಅಂತ. ಹೆಚ್ಚು ಹೇಳಲಿಲ್ಲ. “ಕಾಲು ಕಂಡಿದ್ದೇ ತಡ, ಸೂಲಗಿತ್ತಿ ಅರಿಶಿನದ ಬಟ್ಟೆಗೆ ಕಾಸು ಹಾಕಿ ಮುಡಿಪು ಕಟ್ಟಿದ್ಲು. ಆಮೇಲೆ ನಂಗೇನೂ ತಿಳೀದು. ಎಚ್ಚರ ಆದಾಗ ಇವನು ಅಳ್ತಿದ್ದ.” ಕಡೆಗೆ ಬರಬೇಕಾದ ತಲೆ ಸಿಕ್ಕಿಕೊಳ್ಳುವುದೇ ಕಾಲು ಮುಂದಾದ ಹೆರಿಗೆಯ ನಿಜವಾದ ಭಯ, ಅಂತ ನಾನು ಅಷ್ಟು ಹೊತ್ತಿಗೆ ಓದಿಕೊಂಡಿದ್ದೆ. ಹೆಸರೂ ಉಳಿಯದ ಆ ಸೂಲಗಿತ್ತಿಯ ಕೈ ಆ ರಾತ್ರಿ ಏನು ಮಾಡಿತೋ.

ದೊಡ್ಡಪ್ಪನಿಗೆ ಈಗ ಎಪ್ಪತ್ತೆಂಟು. ಹೋದ ಯುಗಾದಿಗೆ ಎಲ್ಲರೂ ಊರಲ್ಲಿ ಸೇರಿದ್ದೆವು. ಬಾವಿಕಟ್ಟೆ ಹತ್ತಿರ ಬಿಂದಿಗೆ ಎತ್ತಲು ಹೋಗಿ ಅವರಿಗೇ ಸೊಂಟ ಹಿಡಿದುಕೊಂಡಿತು. ಜಗುಲಿಯಲ್ಲಿ ಒರಗಿಸಿದರು, ಮುಲಾಮು ಹಚ್ಚಿದರು, ತಿಪಟೂರಿಗೆ ಕರೆದುಕೊಂಡು ಹೋಗೋಣ ಅಂದರು. ದೊಡ್ಡಪ್ಪನದು ಒಂದೇ ಹಟ, ಕಾಲು ಮುಂದಾಗಿ ಹುಟ್ಟಿದವರು ಬೇಕು. ಊರಲ್ಲಿ ಇನ್ಯಾರೂ ಇಲ್ಲ. ಆಗ ದೊಡ್ಡಮ್ಮನಿಗೆ ತಂಗಿಯ ಮಗಳು ನೆನಪಾದಳು. ನಾಲ್ಕು ವರ್ಷ, ಹೋಳಿಗೆ ತಿನ್ನುತ್ತಾ ಓಡಾಡಿಕೊಂಡಿದ್ದಳು.

ಪಂಚಾಯ್ತಿ ಶುರುವಾಯಿತು. ಆಪರೇಷನ್‌ನಲ್ಲಿ ಹುಟ್ಟಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ. ಕಾಲು ಮುಂದಾಗಿರಲಿಲ್ಲ, ಕುಂಡೆ ಮುಂದಾಗಿತ್ತು, ಅದು ಬೇರೆ. ಕಾಲು ಕಿವಿ ಹತ್ತಿರ ಇತ್ತು ಅಂದಮೇಲೆ ಅದನ್ನು ಮುಂದು ಅನ್ನಬೇಕೋ ಹಿಂದು ಅನ್ನಬೇಕೋ. ಚಿಕ್ಕಪ್ಪ ಇದನ್ನೆಲ್ಲ ನನ್ನನ್ನು ಕೇಳಿದರು, ನೀನು ಓದಿಕೊಂಡಿದ್ದೀಯಲ್ಲ ಅಂತ. ಲೆಕ್ಕಕ್ಕೆ ಬರುತ್ತೆ ಅಂದೆ. ತಂಗಿ ನನ್ನ ಮುಖ ನೋಡಿ ಬಹಳ ದಿನದ ಮೇಲೆ ಜೋರಾಗಿ ನಕ್ಕಳು.

ದೊಡ್ಡಪ್ಪ ಕಂಬ ಹಿಡಿದು ಬೆನ್ನು ಕೊಟ್ಟು ನಿಂತರು. ಕಾಲು ಅಲ್ಲಿಗೆ ಎಟುಕಲಿಲ್ಲ ಅಂತ ಮಗುವನ್ನು ಅವರಪ್ಪ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿದ. ಒಂದು. ಎರಡು. ಮೂರನೆಯದು ಸ್ವಲ್ಪ ಜೋರಾಗಿಯೇ ಬಿತ್ತು, ದೊಡ್ಡಪ್ಪ “ಅಯ್ಯಪ್ಪಾ” ಅಂದರು.

“ತಾತ, ಇನ್ನೊಂದ್ಸಲ ಒದೀಲಾ?” ಅಂತ ಕೇಳಿದಳು.